ಹನೂರಿನಿಂದ ಬಂದ ಗೋಣಿತಾಟು

ಕಡ್ಡಿ ನೆಟ್ಟವಳಿಗೆ ನೆಮ್ಮದಿ ಅನ್ನುವುದೇ ಇಲ್ಲ. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಮಹಡಿಗೆ ಓಡುತ್ತೇನೆ. ಕುಂಡದಲ್ಲಿ ನೆಟ್ಟ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಚೂರು ಕೆರೆದು ಒಳಗೆ ಹಸಿರು ಇದೆಯಾ ನೋಡುತ್ತೇನೆ. ಇದ್ದರೆ ಆ ದಿನದ ಮಟ್ಟಿಗೆ ಸಮಾಧಾನ. ಮಾರನೆಯ ಬೆಳಿಗ್ಗೆ ಮತ್ತೆ ಅನುಮಾನ, ಮತ್ತೆ ಕೆರೆತ. "ಅದು ಚಿಗುರ್ಬೇಕು ಅಂತಿದ್ರೂ ನೀನು ಬುಡಕಿಲ್ಲ. ಚಿವುಟಿ ಚಿವುಟಿನೇ ಸಾಯಿಸ್ಬುಡ್ತೀಯ" ಅನ್ನುತ್ತಾರೆ ನಮ್ಮ ಯಜಮಾನರು. ಅದರಲ್ಲಿ ಸುಳ್ಳೇನಿಲ್ಲ. ನನ್ನ ಕೈಯಲ್ಲಿ ಸತ್ತ ಕಡ್ಡಿಗಳಲ್ಲಿ ಅರ್ಧದಷ್ಟು ನನ್ನ ಗಾಬರಿಗೇ ಸತ್ತಿರಬೇಕು.

ಈ ಹುಚ್ಚು ಅಂಟಿದ್ದು ಫೋನಿನಿಂದ. ನಮ್ಮದು ಕೊಳ್ಳೇಗಾಲದ ಪಕ್ಕದ ಧನಗೆರೆ. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಒಂದು ದಿನ ಬಟ್ಟೆ ಕೊಡಲು ಬಂದ ಹೆಂಗಸೊಬ್ಬಳು ನನ್ನ ದುಂಡುಮಲ್ಲಿಗೆ ನೋಡಿ, ಗಿಡ ಬದಲಾಯಿಸಿಕೊಳ್ಳುವವರ ವಾಟ್ಸಾಪ್ ಗುಂಪೊಂದಿದೆ, ಸೇರಿಸಲಾ ಅಂದಳು. ನಾನು ಹೂಂ ಅಂದೆ. ಅಲ್ಲಿದ್ದವರೆಲ್ಲ ಹೆಚ್ಚುಕಡಿಮೆ ನಮ್ಮ ಸುತ್ತಿನವರೇ: ಕೊಳ್ಳೇಗಾಲ, ಹನೂರು, ಯಳಂದೂರು. ದುಡ್ಡಿನ ಮಾತು ಆಡುವ ಹಾಗಿಲ್ಲ, ಗಿಡಕ್ಕೆ ಗಿಡ. ಕಳಿಸಿದ ಕಟ್ಟು ಕೈಸೇರಿದ ಕೂಡಲೇ ಬಿಚ್ಚಿ ಫೋಟೋ ಹಾಕಬೇಕು. ಹಾಕದಿದ್ದರೆ ಎಲ್ಲರೂ ಸೇರಿ ಪ್ರಾಣ ತಿನ್ನುತ್ತಾರೆ. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ, ಗಿಡದ ಮೇಲೇ ಗುರುತು. ಹನೂರಿನ ನಿವೃತ್ತ ಟೀಚರೊಬ್ಬರು 'ದಾಸವಾಳದ ಮೇಡಂ'. ಮಾಂಬಳ್ಳಿಯವರೊಬ್ಬರು 'ಅಡೇನಿಯಂ ಸಾರ್'. ಬುಡ ಊದಿಕೊಂಡ ತಮ್ಮ ಅಡೇನಿಯಂ ಗಿಡದ ಫೋಟೋ ದಿನಾ ಹಾಕಿ "ಹೇಗಿದೆ?" ಎಂದು ಕೇಳುವುದು ಅವರ ಚಾಳಿ. ನಾಲ್ಕು ಜನ ಹೊಗಳುವವರೆಗೂ ಬಿಡುವುದಿಲ್ಲ. ನಾನಂತೂ ಒಂದು ಸಲವೂ ಹೊಗಳಿರಲಿಲ್ಲ. ನಾನು 'ಮಲ್ಲಿಗೆ ಸಿಸ್ಟರ್'.

ನನಗೆ ಬಹಳ ದಿನದಿಂದ ಒಂದು ಗಿಡದ ಮೇಲೆ ಕಣ್ಣಿತ್ತು. ಜುಮುಕಿ ದಾಸವಾಳ. ಎಸಳು ಹರಿದು ಹರಿದು, ಕಿವಿಯ ಜುಮುಕಿಯ ಹಾಗೆ ತಲೆ ಕೆಳಗಾಗಿ ತೂಗುತ್ತದೆ. ಹನೂರಿನ ಮೇಡಂ ಹತ್ತಿರ ಅದು ಇತ್ತು. ಮಲ್ಲಿಗೆಯ ಬೇರು ಬಂದ ಕಡ್ಡಿಗಳನ್ನು ಅವರಿಗೆ ಕಳಿಸಿದ್ದೆ. ನನ್ನ ಸರದಿಗೆ ಕಾಯುತ್ತಿದ್ದೆ. ಬೇಸಿಗೆಯ ಒಂದು ದಿನ, ಗಿಡ ಸವರುತ್ತಿದ್ದೇನೆ, ಕಳಿಸಲಾ ಎಂದು ಅವರ ಸಂದೇಶ ಬಂತು. ಖುಷಿಯಾಗಬೇಕಿತ್ತು. ಆದರೆ ನನಗೆ ಮೊದಲು ನೆನಪಾದದ್ದು ಹಿತ್ತಲಿನ ಹುಳದ ಮನೆ.

ನಮ್ಮಲ್ಲಿ ರೇಷ್ಮೆ ಹುಳು ಸಾಕುವುದು ನನ್ನ ಓರಗಿತ್ತಿ, ಭಾವನ ಹೆಂಡತಿ. ನಾನು ಅವಳನ್ನು ಅಕ್ಕ ಅನ್ನುತ್ತೇನೆ. ಮೊದಲು ಅತ್ತೆ ಸಾಕುತ್ತಿದ್ದರು. ಅತ್ತೆಗೆ ಕಣ್ಣು ಮಂಜಾಗಿ ಕೈ ನಡುಗಲು ಶುರುವಾದ ಮೇಲೆ ಅದು ಅಕ್ಕನ ಕೈಗೆ ಬಂತು. ಅತ್ತೆಗೆ ಉಳಿದದ್ದು ಒಂದೇ ಕೆಲಸ. ಹೊಲದಿಂದ ಬಂದ ಹಿಪ್ಪುನೇರಳೆ ಸೊಪ್ಪನ್ನು ಗುಡ್ಡೆ ಹಾಕಿ, ಬಾಡದ ಹಾಗೆ ಮೇಲೆ ಒದ್ದೆ ಗೋಣಿತಾಟು ಮುಚ್ಚುವುದು. ಆ ಕೆಲಸಕ್ಕೆ ಬೇರೆಯವರು ಕೈ ಹಾಕಿದರೆ ಅವರಿಗೆ ಸಿಟ್ಟು. "ಇಷ್ಟಾದ್ರೂ ನಂಗೆ ಬುಡ್ರವ್ವ" ಅನ್ನುತ್ತಿದ್ದರು.

ಹುಳು ಅಂದರೆ ಹಸುಗೂಸಿಗಿಂತ ಸೂಕ್ಷ್ಮ. ಹೂ ಮುಡಿದು, ಪೌಡರ್ ಬಳಿದುಕೊಂಡು ಒಳಗೆ ಹೋಗುವ ಹಾಗಿಲ್ಲ. ಬಾಗಿಲಲ್ಲಿ ಸುಣ್ಣ ತುಳಿದೇ ಕಾಲಿಡಬೇಕು. ಬಾಗಿಲ ಕಡೆ ಒಂದು, ಒಳಗಡೆ ಒಂದು, ಹೀಗೆ ಎರಡು ಸ್ಟ್ಯಾಂಡುಗಳಲ್ಲಿ ತಟ್ಟೆ ಜೋಡಿಸಿ ಹುಳು ಬಿಟ್ಟಿರುತ್ತದೆ. ಬೆಳೆಯುವಾಗ ಅವು ನಾಲ್ಕು ಸಲ ಪೊರೆ ಬಿಡುತ್ತವೆ. ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಿಸುಕದೆ ಮಲಗುತ್ತವೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯ ಜ್ವರ ಎದ್ದವು ಅಂದರೆ ಆಮೇಲೆ ಹೊಟ್ಟೆಬಾಕತನ. ಸೊಪ್ಪು ಕಡಿಯುವ ಸರಸರ ಸದ್ದು ಅಂಗಳಕ್ಕೂ ಕೇಳುತ್ತದೆ. ಗೂಡು ಕಟ್ಟುವವರೆಗಿನ ಆ ದಿನಗಳಲ್ಲಿ ನನ್ನ ಮಹಡಿಯ ಗಿಡಗಳಿಗೆ ಯಾವ ಔಷಧವನ್ನೂ ಹೊಡೆಯಬಾರದು ಎಂಬುದು ಅಕ್ಕ ಹಾಕಿದ ಷರತ್ತು. ಬಿಳಿ ಹಿಟ್ಟು ತಿಗಣೆ ನನ್ನ ಗಿಡಗಳನ್ನು ನೆಕ್ಕುತ್ತಿದ್ದರೂ ಸೋಪಿನ ನೀರನ್ನು ಕೂಡ ನಾನು ಹೊಡೆದವಳಲ್ಲ.

ಆ ವರ್ಷ ಅದಕ್ಕೂ ಮುಂಚಿನ ಎರಡು ಬೆಳೆ ಕೈಕೊಟ್ಟಿದ್ದವು. ಭಾವ ಊಟದ ತಟ್ಟೆಯ ಮುಂದೆ ಕೂತು ಒಂದೇ ಮಾತು ಹೇಳಿದ್ದರು, "ಈ ಸಲಾನೂ ಓದ್ರೆ ರೇಷ್ಮೆ ಕಡ್ಡಿ ಕೀಳ್ಸಿ ಬಾಳೆ ಆಕ್ಸ್ತೀನಿ. ಹುಳಿನ ಸಾವಾಸ ಸಾಕು." ಅಕ್ಕ ಅವರ ತಟ್ಟೆಗೆ ಸಾರು ಬಿಟ್ಟಳು. ಆ ಹುಳದ ಮನೆಯೊಂದೇ ಈ ಮನೆಯಲ್ಲಿ ಅವಳ ಮಾತು ನಡೆಯುವ ಜಾಗ. ಅದು ಹೋದರೆ ಅವಳು ಒಲೆಯ ಮುಂದಿನ ಹೆಂಗಸಾಗಿ ಉಳಿಯುತ್ತಾಳೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅದಕ್ಕೇ ಮೇಡಂಗೆ ಹೂಂ ಅನ್ನುವ ಮೊದಲು ಅಕ್ಕನನ್ನು ಕೇಳಿದೆ. ಹುಳು ಆಗಷ್ಟೇ ನಾಲ್ಕನೆಯ ಜ್ವರ ಎದ್ದಿದ್ದವು.

"ಬರೀ ಕಡ್ಡಿ ತಾನೆ?" ಅಂದಳು.

"ಬರೀ ಕಡ್ಡಿ."

"ತರ್ಸ್ಕೊ ಓಗು. ಕಡ್ಡಿ ಬಂದು ನನ್ ಉಳಾನ ಕಚ್ಚದಾ?"

ಕಟ್ಟು ಬಂದದ್ದು ಮಾರನೆಯ ಸಂಜೆ. ಹನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಯಾರದೋ ಕೈಲಿ ಮೇಡಂ ಕೊಟ್ಟುಕಳಿಸಿದ್ದರು, ಯಜಮಾನರು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಸಕೊಂಡು ಬಂದರು. ಕಡ್ಡಿಗಳು ಮೊಣಕೈ ಉದ್ದವಿದ್ದವು. ಒದ್ದೆಯಾದ ಒಂದು ಇಡೀ ಗೋಣಿತಾಟಿನಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿದ್ದರು. ತಾಟಿನ ಅಂಚಿನಲ್ಲಿ ನೀಲಿ ಪಟ್ಟೆ. ಹಿಂಡಿದಾಗ ಕಂದು ನೀರು ಇಳಿಯಿತು. ಏನೋ ಘಾಟು. ಹಳೇ ಗೋಣಿ, ಕೊಳೆತಿರಬೇಕು ಅಂದುಕೊಂಡೆ. ಫೋಟೋ ತೆಗೆದು ಗುಂಪಿಗೆ ಹಾಕಿದೆ. ಕಡ್ಡಿಗಳನ್ನು ಮಹಡಿಯ ಬಕೆಟ್ಟಿನಲ್ಲಿ ನಿಲ್ಲಿಸಿದೆ, ತಾಟನ್ನು ಕಾಂಪೌಂಡಿನ ಮೇಲೆ ಎಸೆದೆ, ಕೈ ತೊಳೆದುಕೊಂಡೆ. ಅಲ್ಲಿಗೆ ಅದು ಮುಗಿಯಿತು ಅಂದುಕೊಂಡಿದ್ದೆ.

ಬೆಳಿಗ್ಗೆ ತಿಂಡಿಯಾದ ಮೇಲೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಕಾಂಪೌಂಡಿನ ಮೇಲೆ ತಾಟು ಇರಲಿಲ್ಲ. ಹುಳದ ಮನೆಯ ಜಗುಲಿಯಲ್ಲಿ ಸೊಪ್ಪಿನ ಗುಡ್ಡೆಯ ಮೇಲೆ ನೀಲಿ ಪಟ್ಟೆ ಕಾಣಿಸಿತು. ಚೆನ್ನಾಗಿ ನೆನೆಸಿ, ಹಿಂಡಿ, ಒಂದೂ ಸುಕ್ಕಿಲ್ಲದ ಹಾಗೆ ಹೊದಿಸಿದ್ದರು. ಒಳ್ಳೆಯ ತಾಟು ಬಿಸಿಲಿಗೆ ಬಿದ್ದಿರುವುದನ್ನು ನೋಡಿ ಸುಮ್ಮನಿರುವ ಜೀವವಲ್ಲ ನಮ್ಮ ಅತ್ತೆಯದು.

ಹತ್ತಿರ ಹೋಗಿ ಮೂಸಿದೆ. ಅದೇ ಘಾಟು, ಸ್ವಲ್ಪ ತೆಳುವಾಗಿ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಕೊಳೆತ ಗೋಣಿಯ ವಾಸನೆ ಹೀಗಿರುವುದಿಲ್ಲ ಎಂದು ಆಗ ಹೊಳೆಯಿತು. ಅಕ್ಕ ಒಳಗಿದ್ದಳು. ಕೂಗಿ ಕರೆದೆ.

"ಅಕ್ಕ, ಈ ಸೊಪ್ಪು ಆಕ್ಬುಟ್ಟಾ?"

"ಆಗ್ಲೇ ಆಕ್ದೆ. ಬಾಗ್ಲು ಕಡೆ ಸ್ಟ್ಯಾಂಡಿಗೆ. ಉಳ್ದಿದ್ಕೆ ಆಕಕೆ ಈಗ ಬರ್ತಿದ್ದೆ. ಯಾಕಮ್ಮಿ, ಮಕ ಅಂಗ್ ಬೆಳ್ಳಗ್ ಮಾಡ್ಕಂಡಿದ್ದೀಯೆ?"

ಹೇಳಿದೆ. ತಾಟು ನನ್ನ ಕಟ್ಟಿನದು, ಅದಕ್ಕೆ ಏನೋ ಅದ್ದಿದ್ದಾರೆ, ಏನು ಅಂತ ಗೊತ್ತಿಲ್ಲ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾಟನ್ನು ಎತ್ತಿ ದೂರ ಎಸೆದಳು, ಸೊಪ್ಪಿನ ಗುಡ್ಡೆಯನ್ನೇ ನೋಡುತ್ತ ನಿಂತಳು. "ಅತ್ತೆ ಮುಚ್ಚಿ, ಬಿಪಿ ಮಾತ್ರೆ ತರ್ತೀನಿ ಅಂತ ಬಸ್ಸತ್ತಿದ್ರು ಕಣಮ್ಮಿ" ಅಂದಳು. ಆಮೇಲೆ, "ಅದೇನದ್ದವ್ರೋ ಕೇಳು, ಬೇಗ ಕೇಳು" ಅಂದಳು.

ಮೇಡಂಗೆ ಸಂದೇಶ ಕಳಿಸಿದೆ. ಒಂದೇ ಟಿಕ್ ಬಿತ್ತು, ತಲುಪಿರಲಿಲ್ಲ. ಫೋನ್ ಮಾಡಿದೆ, ವ್ಯಾಪ್ತಿಯಿಂದ ಹೊರಗೆ. ಆಗ ನೆನಪಾಯಿತು, ಬೆಳಿಗ್ಗೆ ದೇವರ ದರ್ಶನಕ್ಕೆ ಬೆಟ್ಟಕ್ಕೆ ಹೋಗುತ್ತೇನೆ ಎಂದು ಅವರು ಗುಂಪಿನಲ್ಲಿ ಬರೆದಿದ್ದರು. ಹನೂರಿನಿಂದ ಬೆಟ್ಟಕ್ಕೆ ಹತ್ತುವ ಕಾಡು ದಾರಿಯಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಆ ಒಂದು ಟಿಕ್ ಎರಡಾಗುತ್ತದೇನೋ ಎಂದು ಫೋನಿನ ಮೇಲೆ ಕಣ್ಣು ನೆಟ್ಟು ಕೂತೆ. ಕಡ್ಡಿ ಚಿಗುರಲಿ ಎಂದು ಕೂಡ ನಾನು ಹಾಗೆ ಕಾದವಳಲ್ಲ.

ಮೊದಲು ಬದಲಾದದ್ದು ಸದ್ದು. ಬಾಗಿಲ ಕಡೆಯ ಸ್ಟ್ಯಾಂಡಿನ ತಟ್ಟೆಗಳಲ್ಲಿ ಸರಸರ ನಿಂತಿತು. ಒಳಗಿನ ಸ್ಟ್ಯಾಂಡಿನಲ್ಲಿ ಹುಳುಗಳು ಹಸಿದು ತಲೆ ಎತ್ತಿ ಹುಡುಕುತ್ತಿದ್ದವು, ಇಲ್ಲಿ ಸೊಪ್ಪಿನ ಮೇಲೇ ಸುಮ್ಮನಾದವು. ಆಮೇಲೆ ಒಂದೊಂದಾಗಿ ಎದೆ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಸೆಟೆದು ನಿಂತವು. ಕೆಲವು ಕಂದು ನೀರು ಕಾರಿದವು. ಸ್ವಲ್ಪ ಹೊತ್ತಿಗೆಲ್ಲ ಪಕ್ಕಕ್ಕೆ ಬಿದ್ದು ಮಿಸುಕದಾದವು. ಅಕ್ಕ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಅದು ಮಿಸುಕಲಿಲ್ಲ. ಅವಳು ಅಳಲಿಲ್ಲ, ನನಗೇ ಅಳು ಬಂತು.

ಬೇರೆ ದಾರಿ ಕಾಣದೆ ಗುಂಪಿನಲ್ಲಿ ಕೇಳಿದೆ. ಮೇಡಂ ಕಟ್ಟಿಗೆ ಏನು ಅದ್ದುತ್ತಾರೆ, ಯಾರಿಗಾದರೂ ಗೊತ್ತಾ? ರೇಷ್ಮೆ ಹುಳುವಿಗೆ ತಾಗಿದೆ. ಸಲಹೆಗಳ ಸುರಿಮಳೆಯಾಯಿತು. ಒಬ್ಬರು ಮಜ್ಜಿಗೆ ಚಿಮುಕಿಸಿ ಅಂದರು, ಒಬ್ಬರು ಬೇವಿನೆಣ್ಣೆ ಅಂದರು. ಬೇವಿನೆಣ್ಣೆ ಹೊಡೆದರೆ ಉಳಿದವೂ ಸಾಯುತ್ತವೆ ಎಂದು ಆ ಪುಣ್ಯಾತ್ಮರಿಗೆ ಯಾರು ಹೇಳಬೇಕು? ಒಬ್ಬಾಕೆ, ಕಡ್ಡಿ ಚೆನ್ನಾಗಿವೆ ಸಿಸ್ಟರ್, ನನಗೂ ಒಂದು ಇಡಿ ಎಂದು ಬರೆದಳು. ಫೋನನ್ನು ಗೋಡೆಗೆ ಎಸೆಯುವಷ್ಟು ಕೋಪ ಬಂತು.

ಅಷ್ಟರಲ್ಲಿ ಗುಂಪಿನಲ್ಲೇ ಮೇಡಂ ಧ್ವನಿ ಸಂದೇಶ ಬಂತು. ಎಲ್ಲೋ ಸಿಗ್ನಲ್ ಸಿಕ್ಕಿತ್ತು, ಹಿಂದೆ ಬಸ್ಸಿನ ಗದ್ದಲ. ತರಗತಿಯಲ್ಲಿ ಪಾಠ ಹೇಳುವ ಅದೇ ತಿಳಿಯಾದ ದನಿ: "ಏನೂ ಹೆದರಬೇಡಿ ಸಿಸ್ಟರ್. ಕೆಮಿಕಲ್ ಒಂದು ತೊಟ್ಟೂ ಇಲ್ಲ. ನಾನು ಪೂರ್ತಿ ಸಾವಯವ. ಹೊಗೆಸೊಪ್ಪನ್ನು ಕುದಿಸಿ, ಆ ಕಷಾಯದಲ್ಲಿ ಕಡ್ಡಿನೂ ಗೋಣಿನೂ ಅದ್ದಿದ್ದೀನಿ. ದಾರೀಲಿ ಒಂದು ಹುಳನೂ ಹತ್ತಲ್ಲ."

ಅಕ್ಕ ಕೇಳಿಸಿಕೊಂಡಳು. ಹೊಗೆಸೊಪ್ಪು ಹಾಕಿಕೊಂಡವರನ್ನು ಹುಳದ ಮನೆಯ ಹೊಸ್ತಿಲು ದಾಟಲು ಬಿಡದ ಊರು ನಮ್ಮದು. ಕೈಗೆ ಅದರ ಪುಡಿ ಅಂಟಿದ್ದರೂ ಸೊಪ್ಪು ಮುಟ್ಟುವುದಿಲ್ಲ. ಮೇಡಂ ಮನೆಯಲ್ಲಿ ಹುಳು ಕಂಡವರಿಲ್ಲ, ಅವರಿಗೆ ಹುಳ ಅಂದರೆ ಗಿಡ ತಿನ್ನುವ ಶನಿ. ಪಾಪ, ನನ್ನ ಗಿಡ ಚೆನ್ನಾಗಿರಲಿ ಎಂದೇ ಅದ್ದಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದೆ ನನಗೆ ಮೈಯೆಲ್ಲ ಉರಿಯಿತು.

"ಮುಗೀತು ಬುಡು" ಅಂದಳು ಅಕ್ಕ. ಬಿದ್ದ ಹುಳುಗಳನ್ನು ತುಂಬಿ ಗುಂಡಿಗೆ ಸುರಿಯಲು ಮಂಕರಿ ತಂದಳು.

ಆಗಲೇ ಫೋನ್ ಬಡಿದುಕೊಂಡಿತು. ಮಾಂಬಳ್ಳಿಯ ಅಡೇನಿಯಂ ಸಾರ್. ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

"ಸಿಸ್ಟ್ರೇ, ವಗೆಸೊಪ್ಪು ಅಂದ್ರಲ್ಲ ಮೇಡಂ, ಕೇಳ್ದೆ. ಎಸೀಬ್ಯಾಡಿ ಕಣ್ರಿ. ನಮ್ಮವ್ವ ಉಳ ಸಾಕ್ತಿತ್ತು. ವಗೆಸೊಪ್ಪಿನ ಗಾಳಿ ತಾಕ್ದಾಗ ಸತ್ತಂಗೆ ಬಿದ್ಕತ್ತವೆ, ಗಾಳಿಗಿಟ್ಟು ಒಳ್ಳೆ ಸೊಪ್ಪು ತೋರುದ್ರೆ ಏಳ್ತವೆ ಅಂತಿತ್ತು. ನಾನೇನು ಕಣ್ಣಾರೆ ಕಂಡಿಲ್ಲ. ಗ್ಯಾರಂಟಿ ಕೊಡಕಿಲ್ಲ. ಆದ್ರೂ ಸಂಜೆಗಂಟ ನೋಡಿ."

ಫೋನ್ ಇಟ್ಟ ಮೇಲೆ ನನಗೆ ಇನ್ನೂ ಭಯವಾಯಿತು. ಇದೇ ಗುಂಪಿನಿಂದ ತಾನೆ ವಿಷ ಬಂದದ್ದು? ಈಗ ಇದೇ ಗುಂಪಿನ, ಮುಖ ನೋಡದ ಇನ್ನೊಬ್ಬರ ಮಾತು ನಂಬಬೇಕಾ? ಒಂದು ವೇಳೆ ಇದು ವಿಷವಲ್ಲದೆ ರೋಗವೇ ಆಗಿದ್ದರೆ, ಬಿದ್ದ ಹುಳುಗಳನ್ನು ಇಟ್ಟುಕೊಂಡರೆ ಒಳಗಿನವಕ್ಕೂ ಅಂಟುತ್ತದೆ. ಅರ್ಧ ಬೆಳೆ ಉಳಿಸಲು ಹೋಗಿ ಇಡೀ ಬೆಳೆ ಹೋಗುತ್ತದೆ. ಅಕ್ಕನಿಗೆ ಇದನ್ನೆಲ್ಲ ಹಾಗೇ ಹೇಳಿದೆ.

ಅವಳು ಮಂಕರಿಯನ್ನು ಕೆಳಗಿಟ್ಟಳು. "ಎತ್ತಿ ಸುರ್ಯಕೆ ಎಷ್ಟೊತ್ತು ಬೇಕು? ಸಂಜೆಗೂ ಸುರೀಬೋದು" ಅಂದಳು. ಮಂಕರಿಯನ್ನು ಮೂಲೆಗೆ ಒದ್ದಳು.

ಹಳೇ ಸೊಪ್ಪನ್ನೆಲ್ಲ ತೆಗೆದು ಹೂತೆವು. ಒಂದೊಂದೇ ಹುಳುವನ್ನು ಕೈಯಿಂದ ಎತ್ತಿ ತೊಳೆದ ತಟ್ಟೆಗೆ ಹಾಕಿದೆವು. ತಟ್ಟೆಗಳನ್ನು ದನದ ಕೊಟ್ಟಿಗೆಯ ಆಚೆ, ಗಾಳಿಯಾಡುವ ಚಪ್ಪರದ ಕೆಳಗೆ, ಅದೇ ಸ್ಟ್ಯಾಂಡನ್ನು ತೊಳೆದು ತಂದು, ಅದರಲ್ಲಿ ಇಟ್ಟೆವು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಕೊಟ್ಟೆವು. ಅಕ್ಕ ಹೊಲಕ್ಕೆ ಓಡಿ ಹೊಸ ಸೊಪ್ಪು ತಂದು ಒಳಗಿನ ಸ್ಟ್ಯಾಂಡಿಗೆ ಹಾಕಿ, ಈ ತಟ್ಟೆಗಳಿಗೂ ತೆಳುವಾಗಿ ಉದುರಿಸಿದಳು. ನಾನು ಕಾಗೆ ಓಡಿಸುತ್ತ ಕೂತೆ. ಉಗುರು ತುರಿಸುತ್ತಿತ್ತು, ಒಂದನ್ನು ಮುಟ್ಟಿ ಜೀವ ಇದೆಯಾ ನೋಡೋಣ ಎಂದು. ಕೈ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಕೂತೆ.

ಬಿಸಿಲು ಇಳಿಯುವ ಹೊತ್ತಿಗೆ ಅತ್ತೆ ಬಂದರು. ಅವರು ಬರುವ ಮೊದಲೇ ನಾವು ಮಾತಾಡಿಕೊಂಡಿದ್ದೆವು, ತಾಟಿನ ಸುದ್ದಿ ಎತ್ತಬಾರದು ಎಂದು. ತಾನು ಹೊದಿಸಿದ ತಾಟಿನಿಂದಲೇ ಹೀಗಾಯಿತು ಎಂದು ತಿಳಿದರೆ ಆ ಜೀವ ಮತ್ತೆ ಸೊಪ್ಪು ಮುಟ್ಟುವುದಿಲ್ಲ, ಆಮೇಲೆ ಅವರಿಗೆ ಈ ಮನೆಯಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಅದನ್ನು ಹೇಳಿದ್ದು ಅಕ್ಕನೇ. ತನ್ನ ಬೆಳೆ ಬಿದ್ದಿರುವಾಗ ಅವಳಿಗೆ ಅದು ಹೇಗೆ ನೆನಪಾಯಿತೋ.

ಅತ್ತೆ ತಟ್ಟೆಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. "ಸಪ್ಪೆ ರೋಗ ಕಣ್ರವ್ವ ಇದು. ಇದ್ಯಾಕ್ ಮಡೀಕಂಡಿದ್ದೀರಿ? ಗುಂಡೀಗ್ ಆಕಿ, ಒಳಗಿನವಾದ್ರೂ ಉಳೀಲಿ."

"ರೋಗ ಅಲ್ಲ ಅತ್ತೆ. ಸೆಕೆ. ಸೆಕೆಗೆ ಇಂಗಾಗದೆ. ಗಾಳಿಗಿಟ್ಟೀವಿ" ಅಂದಳು ಅಕ್ಕ.

"ಬಾಗ್ಲು ಕಡೆ ಸ್ಟ್ಯಾಂಡಿಗೆ ಮಾತ್ರ ಸೆಕೆ ಆಯ್ತಾ?"

ಅಕ್ಕ ತಟ್ಟೆಯ ಸೊಪ್ಪು ಸರಿಮಾಡಿದಳು, ನಾನು ಕಾಗೆ ಓಡಿಸಿದೆ. ಅತ್ತೆ ನಮ್ಮ ಮುಖ ನೋಡಿದರು, ತಟ್ಟೆ ನೋಡಿದರು. ಅಂಗಳದಲ್ಲಿ ಆ ಕಡೆ ಈ ಕಡೆ ಕಣ್ಣಾಡಿಸಿದರು. ಆಮೇಲೆ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಮಾತ್ರೆಯ ಚೀಟಿ ಇನ್ನೂ ಅವರ ಕೈಯಲ್ಲೇ ಇತ್ತು. ಗುಂಡಿಯ ಮಾತು ಮತ್ತೆ ಎತ್ತಲಿಲ್ಲ.

ಭಾವ ಬರುವ ಹೊತ್ತಾಗುತ್ತಿತ್ತು. ದೀಪ ಹಚ್ಚುವ ಮುಂಚೆ ಸುರಿದುಬಿಡೋಣ ಎಂದು ಅಕ್ಕ ಎದ್ದಳು. ಮಂಕರಿಯನ್ನು ತಂದು ಸ್ಟ್ಯಾಂಡಿನ ಪಕ್ಕ ಇಟ್ಟಳು, ಮೇಲಿನ ತಟ್ಟೆಗೆ ಕೈ ಹಾಕಿದಳು. ಹಾಗೇ ನಿಂತಳು.

"ಬನ್ನಿ ಇಲ್ಲಿ" ಅಂದಳು.

ಒಂದು ಹುಳು ತಲೆ ಎತ್ತಿತ್ತು. ಗಾಳಿಗೆ ಅಲ್ಲಾಡಿತೋ ಅಂದುಕೊಂಡೆ. ಅದು ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗಿ, ಸೊಪ್ಪಿನ ಅಂಚು ಹಿಡಿಯಿತು. ಆಮೇಲೆ ಅದರ ಪಕ್ಕದ್ದು. ಕೆಳಗಿನ ತಟ್ಟೆಯಲ್ಲಿ ಇನ್ನೆರಡು. ಅತ್ತೆ ಕಣ್ಣು ಕಾಣದ್ದಕ್ಕೆ ತಟ್ಟೆಯ ಹತ್ತಿರ ಕಿವಿ ಇಟ್ಟರು. "ಕಡೀತಾವೆ ಕಣ್ರವ್ವ, ಕಡೀತಾವೆ" ಅಂದರು.

ಎಲ್ಲವೂ ಏಳಲಿಲ್ಲ. ಏಳದವನ್ನು ಮಾರನೆಯ ಬೆಳಿಗ್ಗೆ ಅಕ್ಕನೇ ಗುಂಡಿಗೆ ಹಾಕಿದಳು, ನನ್ನನ್ನು ಹತ್ತಿರ ಬರಗೊಡಲಿಲ್ಲ. ಎದ್ದವು ಉಳಿದವಕ್ಕಿಂತ ಸ್ವಲ್ಪ ಹಿಂದೆ ಬಿದ್ದು, ಕೊನೆಗೆ ಮೇವು ಬಿಟ್ಟು ಹಣ್ಣಾಗಿ, ಬಿದಿರಿನ ಚಂದ್ರಿಕೆ ಹತ್ತಿ ಗೂಡು ಕಟ್ಟಿದವು. ಗೂಡು ಬಿಡಿಸುವಾಗ ಯಾವುದು ಬಿದ್ದೆದ್ದ ಹುಳುವಿನ ಗೂಡು, ಯಾವುದು ಬೀಳದ್ದರ ಗೂಡು ಎಂದು ಹೇಳಲು ನನಗಂತೂ ಬರಲಿಲ್ಲ. ಭಾವ ಬಾಳೆಯ ಮಾತು ಬಿಟ್ಟರು. ಅಕ್ಕ ಮಾತ್ರ ಒಂದು ಹಿಡಿ ಗೂಡನ್ನು ನನ್ನ ಹೊಲಿಗೆ ಮಿಷನ್ನಿನ ಮೇಲೆ ಇಟ್ಟು, "ನಿನ್ ಮಾಂಬಳ್ಳಿಯವ್ರಿಗೆ ಒಂದು ಪೋಟ ಕಳ್ಸು" ಅಂದಳು. ಕಳಿಸಿದೆ. ಅವರು ತಿರುಗಿ ಅಡೇನಿಯಂ ಫೋಟೋ ಕಳಿಸಿ, ಹೇಗಿದೆ ಅಂದರು. ಬಹಳ ಚೆನ್ನಾಗಿದೆ ಸಾರ್ ಎಂದು ಬರೆದೆ.

ಜುಮುಕಿ ದಾಸವಾಳದ ಕಡ್ಡಿಗಳನ್ನು ಯಾರೂ ಎಸೆ ಅನ್ನಲಿಲ್ಲ. ಗೂಡು ಬಿಡಿಸುವವರೆಗೆ ನಾನು ಮಹಡಿಗೇ ಹೋಗಲಿಲ್ಲ, ಗಿಡಗಳಿಗೆ ಯಜಮಾನರೇ ನೀರು ಹಾಕುತ್ತಿದ್ದರು. ಹೋದಾಗ ಬಕೆಟ್ಟಿನಲ್ಲೇ ಎರಡು ಕಡ್ಡಿಗೆ ಬೇರು ಬಂದಿತ್ತು. ಕೆರೆಯಲು ನಾನು ಇರಲಿಲ್ಲವಲ್ಲ, ಅದಕ್ಕೇ ಬಂದಿರಬೇಕು.

ಮೇಡಂಗೆ ಎಲ್ಲ ಹೇಳಿದೆ. ಅವರು ಫೋನಿನಲ್ಲೇ ಅತ್ತುಬಿಟ್ಟರು. ಈಗ ಗುಂಪಿನಲ್ಲಿ ಹೊಸ ನಿಯಮ ಇದೆ, ಕಟ್ಟಿಗೆ ಏನು ಅದ್ದಿದ್ದೇವೆ ಎಂದು ಕಳಿಸುವ ಮೊದಲೇ ಹೇಳಬೇಕು. ನನಗೆ ಅದರಿಂದಲೂ ಧೈರ್ಯ ಬಂದಿಲ್ಲ. ಕಟ್ಟು ಬರುವ ದಿನ ಬೆಳಗಿನಿಂದಲೇ ಮಿಷನ್ ತುಳಿಯುತ್ತ ಗೇಟಿನ ಕಡೆ ನೋಡುತ್ತಿರುತ್ತೇನೆ.

ಮಳೆ ಹಿಡಿದ ಮೇಲೆ ಯಳಂದೂರಿನಿಂದ ಒಂದು ಕಟ್ಟು ಬಂತು. ಕಣಗಿಲೆ ಕಡ್ಡಿ, ಮತ್ತೆ ಗೋಣಿತಾಟಿನಲ್ಲೇ ಸುತ್ತಿದ್ದು. ಹುಳದ ಮನೆಯಲ್ಲಿ ಹೊಸ ಬೆಳೆ ಎರಡನೆಯ ಜ್ವರದಲ್ಲಿತ್ತು. ನಾನು ಮಿಷನ್ ತುಳಿಯುತ್ತಿದ್ದೆ, ಗೇಟಿನಲ್ಲಿ ಕಟ್ಟು ಇಸಕೊಂಡವರು ಅತ್ತೆ. ಒಳಗೆ ತರಲಿಲ್ಲ. ಅಲ್ಲೇ ಗೇಟಿನ ಹೊರಗೆ, ರಸ್ತೆಯ ಬದಿಯಲ್ಲಿ ಕೂತು ಬಿಚ್ಚಿದರು. ಕಡ್ಡಿ ಪಕ್ಕಕ್ಕಿಟ್ಟು ತಾಟನ್ನು ಮುಖಕ್ಕೆ ಹಿಡಿದು ಮೂಸಿದರು. ತಿರುಗಿಸಿ ಇನ್ನೊಂದು ಕಡೆ ಮೂಸಿದರು. ನಾನು ಮಿಷನ್ ನಿಲ್ಲಿಸಿ ಓಡಿಬಂದೆ.

ಅತ್ತೆ ತಾಟನ್ನು ನನ್ನ ಕಡೆ ಚಾಚಿದರು.

"ನೀನೂ ಒಂದ್ಸಲ ಮೂಸವ್ವ. ನಂಗೆ ವಯಸ್ಸಾಯ್ತು, ಮೂಗಿಗೆ ಗೊತ್ತಾಗಕಿಲ್ಲ. ಅವತ್ತೂ ಗೊತ್ತಾಗ್ನಿಲ್ಲ."

ಸೆಕೆ ಎಂದು ನಾವು ಹೇಳಿದ್ದನ್ನು ಅವರು ಒಂದು ದಿನವೂ ನಂಬಿರಲಿಲ್ಲ. ಇಷ್ಟು ದಿನ ದಿನಾ ಬೆಳಿಗ್ಗೆ ಸೊಪ್ಪು ಮುಚ್ಚುವಾಗ ಅವರ ಎದೆಯೂ ನನ್ನ ಎದೆಯ ಹಾಗೇ ಹೊಡೆದುಕೊಂಡಿತ್ತು. ನಾನು ಅವರ ಪಕ್ಕದಲ್ಲಿ ಮಣ್ಣಿನ ಮೇಲೇ ಕೂತು, ತಾಟನ್ನು ಮುಖಕ್ಕೆ ಒತ್ತಿ ಮೂಸಿದೆ. ಬರೀ ಗೋಣಿಯ ವಾಸನೆ.

"ಏನಿಲ್ಲ ಅತ್ತೆ" ಅಂದೆ.

"ಇನ್ನೊಂದ್ಸಲ ನೋಡವ್ವ" ಅಂದರು.